ಎರಡು ಬಾತುಕೋಳಿ, ಒಂದು ಬಟ್ಟಲು ನೂಡಲ್ಸ್

ಮೊದಲನೇ ಬಾತುಕೋಳಿಯನ್ನು ನಾನು ಕೈಯಾರೆ ಕೆಡಿಸಿದೆ. ಅದನ್ನು ಮುಚ್ಚಿಟ್ಟು ಎರಡನೆಯದರ ಕಥೆ ಮಾತ್ರ ಹೇಳಬಹುದಿತ್ತು. ಆದರೆ ಎರಡನೇ ಸಲ ಮಾಡಿದ ಒಂದೊಂದು ಕೆಲಸಕ್ಕೂ ಮೊದಲ ಸಲದ ಒಂದೊಂದು ಎಡವಟ್ಟೇ ಕಾರಣ. ಹಾಗಾಗಿ ಅಲ್ಲಿಂದಲೇ ಶುರು.

ನನಗೆ ಬೇಕಾಗಿದ್ದು ಇಷ್ಟೇ. ತಿಳಿಯಾದ ಬಿಸಿ ಸಾರು, ಅದರಲ್ಲಿ ಹಳದಿ ಬಣ್ಣದ ಗೋಧಿ ನೂಡಲ್ಸ್, ಮೇಲೆ ಗರಿಗರಿ ಚರ್ಮದ ಬಾತುಕೋಳಿ ಹೋಳು. ಈ ಜೋಡಿ ಏಷ್ಯಾದಲ್ಲಿ ಬಹಳ ಕಡೆ ಇದೆ. ಹಾಂಗ್‌ಕಾಂಗ್‌ನಲ್ಲಿ ಸುಟ್ಟ ಬಾತುಕೋಳಿಯನ್ನು ಕೊಚ್ಚಿ ನೂಡಲ್ಸ್ ಸೂಪಿನ ಮೇಲೆ ಜೋಡಿಸುತ್ತಾರೆ. ಥಾಯ್ಲೆಂಡಿನಲ್ಲಿ ಮಸಾಲೆ ಹಾಕಿದ ಸೋಯಾ ರಸದಲ್ಲಿ ಬೇಯಿಸಿ ಅಕ್ಕಿ ನೂಡಲ್ಸ್ ಜೊತೆ ಕೊಡುತ್ತಾರೆ. ವಿಯೆಟ್ನಾಮಿನ 'ಮಿ ವಿಟ್ ಟಿಯೆಮ್'ನಲ್ಲಿ ಇಡೀ ಕಾಲೇ ಬಟ್ಟಲಿನಲ್ಲಿ ಬಂದು ಕೂರುತ್ತದೆ. ಜಪಾನಿನ 'ಕಮೊ ನಾನ್‌ಬಾನ್'ನಲ್ಲಿ ಸೋಬಾ ನೂಡಲ್ಸ್, ಬಾತುಕೋಳಿ, ಉದ್ದನೆಯ ಈರುಳ್ಳಿ. ಅಲ್ಲಿ ಒಂದು ಗಾದೆಯೇ ಇದೆ: ಬಾತು ತಾನೇ ಈರುಳ್ಳಿ ಹೊತ್ತುಕೊಂಡು ಬಂತು ಅಂತ. ಬಯಸಿದ್ದು ಸುಮ್ನೆ ಕೈಗೆ ಬಂದು ಬಿದ್ದಾಗ ಹೇಳುವ ಮಾತು. ನನ್ನ ಬಾತು ಏನನ್ನೂ ಹೊತ್ತು ತರಲಿಲ್ಲ.

ಮೊದಲ ಭಾನುವಾರ

ಕೋಳಿ ಮಾಡಲು ಬರುತ್ತದೆ, ಇದೂ ಹಾಗೇ ಅಂದುಕೊಂಡೆ. ಎಲುಬಿನ ಸಮೇತ ತುಂಡು ಮಾಡಿದೆ. ಬಾಣಲೆಯನ್ನು ಹೊಗೆ ಬರುವಷ್ಟು ಕಾಯಿಸಿ, ಎಣ್ಣೆ ಹಾಕಿ, ಚರ್ಮದ ಕಡೆಯಿಂದ ಹುರಿದೆ. ಎರಡೇ ನಿಮಿಷದಲ್ಲಿ ಕಂದು ಬಣ್ಣ ಬಂತು. ಖುಷಿಯಾಯಿತು. ಆಮೇಲೆ ನೀರು ಸುರಿದು, ಉರಿ ಜೋರು ಮಾಡಿ, ಒಂದೂವರೆ ಗಂಟೆ ಕೊತಕೊತ ಕುದಿಸಿದೆ.

ಸಾರು ಬೆಳ್ಳಗೆ ಮಬ್ಬಾಯಿತು. ಒಂದು ಚಮಚ ಬಾಯಿಗಿಟ್ಟರೆ ತುಟಿಗೆಲ್ಲ ಜಿಡ್ಡು. ಎದೆಯ ಮಾಂಸ ಬೂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತಿತ್ತು, ಕಾಲು ಮಾತ್ರ ಇನ್ನೂ ಗಟ್ಟಿ. ಚರ್ಮದ ಮೇಲ್ಪದರ ಕಂದು, ಅದರ ಕೆಳಗೆ ಅರ್ಧ ಸೆಂಟಿಮೀಟರ್ ಬಿಳಿ ಕೊಬ್ಬು ಇದ್ದಹಾಗೇ ಇತ್ತು. ತಂಗಿ ಒಂದು ತುಂಡು ಬಾಯಿಗೆ ಹಾಕಿ, ತುಂಬ ಹೊತ್ತು ಅಗಿದು, "ಅಣ್ಣ, ಇದನ್ನ ನುಂಗಬೇಕಾ, ಉಗೀಬೇಕಾ?" ಅಂದಳು.

ರಾತ್ರಿ ಪಾತ್ರೆ ತೊಳೆಯುವಾಗ ಯೋಚಿಸಿದೆ. ಜಿಡ್ಡಿನ ಸಾರು, ರಬ್ಬರಿನಂಥ ಚರ್ಮ, ಎರಡೂ ಕೊಬ್ಬಿನ ತಕರಾರೇ. ಕೋಳಿಯಲ್ಲಿ ಕೊಬ್ಬು ಅಷ್ಟು ಇರುವುದಿಲ್ಲ, ನಾವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಬಾತು ನೀರಿನಲ್ಲಿ ಬದುಕುವ ಹಕ್ಕಿ. ಚಳಿ ತಡೆಯಲು ಚರ್ಮದಡಿ ದಪ್ಪ ಪದರ ಬೇಕೇ ಬೇಕು. ಆ ಪದರವನ್ನು ಮೊದಲು ಕರಗಿಸಿ ಹೊರಗೆ ತೆಗೆಯಬೇಕು, ಆಮೇಲೆ ನನಗೆ ಬೇಕಾದ ಕಡೆ, ಬೇಕಾದಷ್ಟು ಮಾತ್ರ ವಾಪಸ್ ಹಾಕಬೇಕು. ಎರಡನೇ ಸಲದ ಇಡೀ ಯೋಜನೆ ಇದೊಂದರ ಮೇಲೆ ನಿಂತಿತು.

ಇನ್ನೊಂದು ವಿಷಯ ಎದೆ ಮತ್ತು ಕಾಲಿನದು. ಬಾತಿನ ಎದೆ ಕೋಳಿಯ ಎದೆಯಂತೆ ಬೆಳ್ಳಗಿರುವುದಿಲ್ಲ, ಕಡುಗೆಂಪು. ದೂರ ಹಾರುವ ಹಕ್ಕಿಗಳ ಎದೆಯ ಸ್ನಾಯುವಿಗೆ ಸತತವಾಗಿ ಆಮ್ಲಜನಕ ಬೇಕು, ಅದನ್ನು ಹಿಡಿದಿಡುವ ಮಯೋಗ್ಲೋಬಿನ್‌ನಿಂದ ಆ ಬಣ್ಣ. ಸಾಕಿದ ಬಾತು ಹಾರದಿದ್ದರೂ ಬಣ್ಣ ಹೋಗಿಲ್ಲ. ಅದನ್ನು ಬೇಗ ಬೇಯಿಸಿ ಇಳಿಸಬೇಕು. ಕಾಲಿನಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ನಾರಿನ ಪ್ರೋಟೀನ್ ಜಾಸ್ತಿ, ಅದು ಕರಗಿ ಮೆತ್ತಗಾಗಲು ಗಂಟೆಗಟ್ಟಲೆ ಬೇಕು. ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ ಒಂದು ಹಾಳಾಗಲೇಬೇಕು, ಅಲ್ವಾ?

ಮಧ್ಯದ ವಾರ: ನೂಡಲ್ಸ್ ಪರೀಕ್ಷೆ

ಬಾತು ದುಬಾರಿ, ಮೈದಾ ಅಲ್ಲ. ಆದ್ದರಿಂದ ನೂಡಲ್ಸ್ ಪ್ರಯೋಗವನ್ನು ವಾರದ ದಿನಗಳಲ್ಲೇ ಮುಗಿಸಿಕೊಂಡೆ. ಅಂಗಡಿಯ ಒಣ ನೂಡಲ್ಸ್ ಹಾಕಿದ್ದರೂ ನಡೆಯುತ್ತಿತ್ತು. ಆದರೆ ಆ ಹಳದಿ ಬಣ್ಣ, ಹಲ್ಲಿಗೆ ಸಿಗುವ ಆ ಪುಟಿತ ಕ್ಷಾರದಿಂದ ಬರುವುದು, ಮೊಟ್ಟೆಯಿಂದಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಹಿಟ್ಟಿನಲ್ಲಿ ಫ್ಲೇವನಾಯ್ಡ್ ಅನ್ನುವ ಪದಾರ್ಥಗಳಿವೆ. ಮಾಮೂಲಿಯಾಗಿ ಅವುಗಳ ಬಣ್ಣ ಕಾಣುವುದಿಲ್ಲ, ಕ್ಷಾರ ತಗುಲಿದ ಕೂಡಲೇ ಹಳದಿ. ಹಿಟ್ಟಿಗೆ ಎಳೆತ ಕೊಡುವ ಪ್ರೋಟೀನ್, ಗ್ಲುಟನ್, ಅದೂ ಬಿಗಿಯಾಗುತ್ತದೆ. ಜಪಾನಿನವರು ಇದಕ್ಕೆ ಬಳಸುವ 'ಕನ್ಸುಯಿ' ಅಂದರೆ ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್.

ನನ್ನ ಹತ್ತಿರ ಇದ್ದದ್ದು ಅಡುಗೆ ಸೋಡಾ. ಅದು ಬೈಕಾರ್ಬೊನೇಟ್, ಕ್ಷಾರ ಸಾಲದು. ಓವನ್‌ನಲ್ಲಿ ಒಣದಾಗಿ ಕಾಯಿಸಿದರೆ ಅದರಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಹೋಗಿ ಕಾರ್ಬೊನೇಟ್ ಉಳಿಯುತ್ತದೆ. ಇದರಲ್ಲಿ ನನಗೆ ಹಿಡಿಸಿದ್ದು ಲೆಕ್ಕ. 168 ಗ್ರಾಂ ಬೈಕಾರ್ಬೊನೇಟ್‌ನಿಂದ 106 ಗ್ರಾಂ ಕಾರ್ಬೊನೇಟ್. ಅಂದರೆ 100 ಗ್ರಾಂ ಹಾಕಿದರೆ ಕೊನೆಗೆ 63 ಗ್ರಾಂ ಉಳಿಯಬೇಕು. ಕೆಲಸ ಮುಗಿದಿದೆಯೋ ಇಲ್ಲವೋ ಅಂತ ತಕ್ಕಡಿಯೇ ಹೇಳುತ್ತದೆ.

ಸ್ಟೀಲ್ ತಟ್ಟೆಯಲ್ಲಿ 100 ಗ್ರಾಂ ಹರಡಿ 120 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ತೂಗಿದೆ: 78. ನೋಡಲು, ಓವನ್‌ಗೆ ಇಡುವಾಗ ಹೇಗಿತ್ತೋ ಹಾಗೇ ಇದೆ, ಅದೇ ಬಿಳಿ ಪುಡಿ. ಚಮಚದಲ್ಲಿ ಕೆದಕಿದರೆ ತಳದಲ್ಲಿ ಪುಡಿ ಇನ್ನೂ ಒತ್ತಾಗಿತ್ತು. ದಪ್ಪಗೆ ಹರಡಿದ್ದೇ ತಪ್ಪು. ತೆಳ್ಳಗೆ ಹರಡಿ ಮತ್ತೆ 40 ನಿಮಿಷ. 65. ಇನ್ನೊಂದು ಕಾಲು ಗಂಟೆ. 63. ಮತ್ತೆ ಹತ್ತು ನಿಮಿಷ ಇಟ್ಟು ನೋಡಿದೆ, ಆಗಲೂ 63. ಅಡುಗೆಮನೆಯಲ್ಲಿ ಒಬ್ಬನೇ ಚಪ್ಪಾಳೆ ಹೊಡೆದುಕೊಂಡೆ.

ಎರಡು ಎಚ್ಚರಿಕೆ. ಈ ಪುಡಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ, ಕಣ್ಣಿಗಂತೂ ತಾಗಲೇಬಾರದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕರಗಿಸಲೂಬೇಡಿ. ನಾನು ಕರಗಿಸಿದೆ. ಪಾತ್ರೆಯ ಒಳಗೆಲ್ಲ ಸಣ್ಣ ಗುಳ್ಳೆ ಎದ್ದು ಬೂದು ಕಲೆ ನಿಂತಿತು, ಆ ನೀರನ್ನು ಚೆಲ್ಲಬೇಕಾಯಿತು. ಬಟ್ಟೆ ಒಗೆಯಲು ಮಾರುವ ವಾಷಿಂಗ್ ಸೋಡಾ ಕೂಡ ಸೋಡಿಯಂ ಕಾರ್ಬೊನೇಟೇ, ಆದರೆ ಅದು ತಿನ್ನಲು ತಯಾರಿಸಿದ್ದಲ್ಲ. ಅದರ ತಂಟೆಗೆ ಹೋಗಬೇಡಿ.

ಮೊದಲ ಹಿಟ್ಟಿಗೆ 300 ಗ್ರಾಂ ಮೈದಾಗೆ ಕಾಯಿಸಿದ ಸೋಡಾ 9 ಗ್ರಾಂ ಹಾಕಿದೆ. ಜಾಸ್ತಿ ಹಾಕಿದರೆ ಜಾಸ್ತಿ ಹಳದಿ ಅಂತ ನನ್ನ ತರ್ಕ. ಹಳದಿ ಬಂತು, ಹೌದು. ಬೇಯಿಸುವಾಗ ಅಡುಗೆಮನೆಯಲ್ಲಿ ಸೋಪಿನ ವಾಸನೆ, ಬಾಯಲ್ಲಿ ಕಹಿ, ಕೈಗೆ ಲೋಳೆ. ಎರಡನೆಯದಕ್ಕೆ 4 ಗ್ರಾಂ. ಅದೇ ನಿಂತಿತು.

ಕೊನೆಗೆ ಉಳಿದ ಅಳತೆ ಹೀಗೆ: ಮೈದಾ 300 ಗ್ರಾಂ, ನೀರು 120 ಮಿಲಿ, ಕಾಯಿಸಿದ ಸೋಡಾ 4 ಗ್ರಾಂ, ಉಪ್ಪು 3 ಗ್ರಾಂ. ಪ್ರೋಟೀನ್ ಜಾಸ್ತಿ ಇರುವ, ಬ್ರೆಡ್‌ಗೆ ಬಳಸುವ ಹಿಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಸೋಡಾವನ್ನು ಪೂರ್ತಿ ನೀರಿನಲ್ಲಿ ಕರಗಿಸಿ, ಆಮೇಲೆ ಉಪ್ಪು, ಆಮೇಲೆ ಅದನ್ನು ಸ್ವಲ್ಪಸ್ವಲ್ಪವೇ ಹಿಟ್ಟಿಗೆ. ಇದು ಉಂಡೆಯಾಗುವ ಹಿಟ್ಟಲ್ಲ. ಒದ್ದೆ ಮರಳಿನಂತೆ, ಪುಟ್ಟಪುಟ್ಟ ಹರಳಾಗಿ ಇರುತ್ತದೆ. ನೀರು ಸಾಲದೇನೋ ಅನ್ನಿಸಿ ಕೈ ತುರಿಸುತ್ತದೆ. ಇನ್ನಷ್ಟು ನೀರು ಹಾಕಬೇಡಿ. ಮುಚ್ಚಿ ಅರ್ಧ ಗಂಟೆ ಬಿಟ್ಟರೆ ನೀರು ಎಲ್ಲ ಕಡೆ ಹರಡುತ್ತದೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಾಲಿನಿಂದ ತುಳಿದೆ. ತಮಾಷೆಯಲ್ಲ, ಜಪಾನಿನಲ್ಲಿ ಉಡಾನ್ ಅನ್ನುವ ದಪ್ಪ ನೂಡಲ್ಸಿನ ಹಿಟ್ಟನ್ನು ಹೀಗೇ ತುಳಿಯುತ್ತಾರೆ. ಕೈಯಲ್ಲಿ ನಾದಲು ಹೋಗಿ ಮಣಿಕಟ್ಟು ನೋಯಿಸಿಕೊಂಡ ಮೇಲೆ ನನಗೂ ಅದೇ ಸರಿ ಅನ್ನಿಸಿತು.

ನೂಡಲ್ಸ್ ಮಷೀನಿನಲ್ಲಿ ಮೊದಲ ಸಲ ಹೋದಾಗ ಹಾಳೆಯ ಅಂಚೆಲ್ಲ ಹರಿದು ಚಿಂದಿಯಾಗಿತ್ತು. ಮಡಿಸಿ ಮತ್ತೆ, ಮತ್ತೆ. ಐದನೇ ಸಲಕ್ಕೆ ನುಣುಪಾದ ಪಟ್ಟಿ ಬಂತು. ಕತ್ತರಿಸಿ, ಕಾರ್ನ್‌ಫ್ಲೋರ್ ಉದುರಿಸಿ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ಗೆ. ಮಾಡಿದ ದಿನಕ್ಕಿಂತ ಮಾರನೇ ದಿನದ್ದು ಚೆನ್ನಾಗಿತ್ತು.

ಶುಕ್ರವಾರ ರಾತ್ರಿ: ಬಿಚ್ಚುವುದು

ಎರಡನೇ ಬಾತು, ಎರಡು ಕೆಜಿ ಇನ್ನೂರು ಗ್ರಾಂ. ಈ ಸಲ ಕೊಚ್ಚಲಿಲ್ಲ, ಬಿಡಿಭಾಗ ಮಾಡಿದೆ. ಮೊದಲು ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯನ್ನು ಕತ್ತರಿಸಿ ಎಸೆದೆ. ಬಾತು ಗರಿ ನೆನೆಯದಿರಲಿ ಅಂತ ಕೊಕ್ಕಿನಿಂದ ಸವರಿಕೊಳ್ಳುವ ಎಣ್ಣೆ ಅದರದ್ದೇ. ಸಾರಿಗೆ ಬಿದ್ದರೆ ಕೆಟ್ಟ ವಾಸನೆ. ಮೊದಲ ಸಲ ಅದೂ ಪಾತ್ರೆಯೊಳಗೇ ಇತ್ತು ಅಂತ ಆಗ ಹೊಳೆಯಿತು.

ಕಾಲೆರಡು ಬೇರೆ. ಎದೆ ಎರಡು ಹೋಳು, ಚರ್ಮ ಸಮೇತ. ಕುತ್ತಿಗೆಯ ಸಡಿಲ ಚರ್ಮ, ಹೊಟ್ಟೆಯೊಳಗಿನ ಕೊಬ್ಬಿನ ಗಡ್ಡೆಗಳು ಒಂದು ಬಟ್ಟಲಿಗೆ. ರೆಕ್ಕೆ, ಬೆನ್ನು, ಕುತ್ತಿಗೆ ಇನ್ನೊಂದಕ್ಕೆ.

ಎದೆಯ ಚರ್ಮದ ಮೇಲೆ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಓರೆಯಾಗಿ ಗೀರು ಹಾಕಿದೆ, ಆಮೇಲೆ ಅಡ್ಡ. ಚಾಕು ಹರಿತವಿರಬೇಕು, ಕೈ ಹಗುರವಿರಬೇಕು. ಕೊಬ್ಬು ಮಾತ್ರ ಸೀಳಬೇಕು, ಮಾಂಸ ತಾಗಬಾರದು. ತಾಗಿದರೆ ಬೇಯುವಾಗ ಅಲ್ಲಿಂದ ರಸ ಸೋರಿ ಚರ್ಮ ಮೆತ್ತಗಾಗುತ್ತದೆ. ನಾನು ಎರಡು ಕಡೆ ತಾಗಿಸಿದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಎದೆಯಾದರೆ ಕೊಬ್ಬು ಗಟ್ಟಿಯಾಗಿದ್ದು ಗೀರುವುದು ಸುಲಭ. ಎರಡೂ ಕಡೆ ಉಪ್ಪು ಸವರಿ, ತಂತಿ ಜಾಲರಿಯ ಮೇಲಿಟ್ಟು, ಏನೂ ಮುಚ್ಚದೆ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿಟ್ಟೆ. ಭಾನುವಾರದ ಹೊತ್ತಿಗೆ ಚರ್ಮ ಕಾಗದದಂತೆ ಒಣಗಿತ್ತು.

ಶನಿವಾರ: ಕೊಬ್ಬು, ಸಾರು, ಕಾಲು

ಕೊಬ್ಬಿನ ತುಂಡುಗಳನ್ನು ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿಟ್ಟೆ. ನೀರು ಇರುವಷ್ಟು ಹೊತ್ತು ಕೊಬ್ಬು ಸೀಯುವುದಿಲ್ಲ. ಮುಕ್ಕಾಲು ಗಂಟೆಗೆ ನೀರೆಲ್ಲ ಆರಿತು. ಅಲ್ಲಿಯವರೆಗೆ ಗುಳುಗುಳು ಅನ್ನುತ್ತಿದ್ದ ಸದ್ದು ಚಟಪಟಕ್ಕೆ ತಿರುಗಿತು. ಆ ಸದ್ದು ಕೇಳಿದರೆ ಒಲೆ ಬಿಟ್ಟು ಹೋಗಬಾರದು. ಚರ್ಮದ ಚೂರುಗಳು ಹೊಂಬಣ್ಣಕ್ಕೆ ಬಂದಾಗ ಸೋಸಿದೆ. 240 ಮಿಲಿ ತಿಳಿ ಕೊಬ್ಬು. ಅದರಲ್ಲಿ ಅರ್ಧದ ಹತ್ತಿರ ಓಲಿಕ್ ಆಮ್ಲ, ಆಲಿವ್ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದೂ ಅದೇ. ಹಾಗಾಗಿ ಫ್ರಿಜ್‌ನಲ್ಲಿಟ್ಟರೂ ಕಲ್ಲಾಗುವುದಿಲ್ಲ, ಚಮಚ ಸುಲಭವಾಗಿ ಇಳಿಯುತ್ತದೆ. ಚೂರುಗಳಿಗೆ ಉಪ್ಪು ಉದುರಿಸಿ ಒಂದು ಬಟ್ಟಲಿನಲ್ಲಿಟ್ಟೆ. ಅವುಗಳ ಕಥೆ ಕೊನೆಯಲ್ಲಿ.

ಮೂಳೆಗಳನ್ನು 200 ಡಿಗ್ರಿ ಓವನ್‌ನಲ್ಲಿ 40 ನಿಮಿಷ ಸುಟ್ಟೆ. ಇದರಿಂದ ಎರಡು ಲಾಭ. ಬಣ್ಣ, ಪರಿಮಳ ಬರುತ್ತದೆ. ಮೂಳೆಗಂಟಿದ ಕೊಬ್ಬು ತಟ್ಟೆಯಲ್ಲೇ ಇಳಿದುಬಿಡುತ್ತದೆ, ಸಾರಿಗೆ ಹೋಗುವುದಿಲ್ಲ. ಮೂರು ಲೀಟರ್ ತಣ್ಣೀರು ಸುರಿದು ನಿಧಾನ ಕಾಯಿಸಿದೆ. ನೊರೆ ಬಂದಂತೆಲ್ಲ ಸೌಟಿನಲ್ಲಿ ತೆಗೆದೆ. ಥರ್ಮಾಮೀಟರ್ 90ರಿಂದ 95ರ ನಡುವೆ. ಆಗೊಂದು ಈಗೊಂದು ಗುಳ್ಳೆ ಏಳಬೇಕು, ಅಷ್ಟೇ. ಜೋರಾಗಿ ಕುದಿಸಿದರೆ ಕೊಬ್ಬು ಸಣ್ಣಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಬೆರೆತುಬಿಡುತ್ತದೆ, ಮೂಳೆಯ ಕೊಲಾಜೆನ್ ಕರಗಿ ಆದ ಜೆಲಾಟಿನ್ ಅದನ್ನು ಮೇಲೇಳಲು ಬಿಡುವುದಿಲ್ಲ. ನನ್ನ ಮೊದಲ ಸಾರಿನ ಬಿಳುಪು ಅದೇ. ಜಪಾನಿನ ಟೊಂಕೊತ್ಸು ರಾಮೆನ್ ಅನ್ನುವ ನೂಡಲ್ಸ್ ಸೂಪಿಗೆ ಹಂದಿಮೂಳೆಯನ್ನು ಬೇಕೆಂದೇ ಹಾಗೆ ಕುದಿಸುತ್ತಾರೆ. ಬಾತಿಗೆ ಅದು ಒಗ್ಗುವುದಿಲ್ಲ ಅಂತ ನನ್ನ ಅಭಿಪ್ರಾಯ, ಬಾಯಿ ಕಟ್ಟಿಬಿಡುತ್ತದೆ.

ಮೂರೂವರೆ ಗಂಟೆ. ಕೊನೆಯ ಮುಕ್ಕಾಲು ಗಂಟೆಗೆ ಜಜ್ಜಿದ ಶುಂಠಿ, ಈರುಳ್ಳಿ ಸೊಪ್ಪಿನ ಬಿಳಿ ಬುಡ, ಒಂದೇ ಒಂದು ಚಕ್ರಮೊಗ್ಗು. ಉಪ್ಪು ಹಾಕಲಿಲ್ಲ. ತೆಳು ಬಟ್ಟೆಯಲ್ಲಿ ಸೋಸಿದರೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ. ಬೇಗ ತಣಿಯಲಿ ಅಂತ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು, ಆಮೇಲೆ ಫ್ರಿಜ್‌ಗೆ.

ಕಾಲಿನ ಕೆಲಸ ಸುಲಭ. ಚರ್ಮದ ಕಡೆ ಸ್ವಲ್ಪ ಹುರಿದು, ಅರ್ಧ ಲೀಟರ್ ನೀರು, 80 ಮಿಲಿ ಸೋಯಾ ಸಾಸ್, 25 ಗ್ರಾಂ ಕಲ್ಲುಸಕ್ಕರೆ, ಎರಡು ಚಕ್ರಮೊಗ್ಗು, ಒಂದು ತುಂಡು ಚಕ್ಕೆ, ಶುಂಠಿ. ಮುಚ್ಚಿ, ಒಂದೂವರೆ ಗಂಟೆ ಸಣ್ಣ ಉರಿ. ಮೂಳೆ ತಿರುಗಿಸಿದರೆ ತಾನೇ ಕಳಚಿಕೊಂಡು ಬಂತು. ಲವಂಗ ಹಾಕಬೇಕೆಂದಿದ್ದೆ, ಮರೆತೆ. ಮರೆತದ್ದೇ ಒಳ್ಳೆಯದಾಯಿತು, ಚಕ್ರಮೊಗ್ಗಿನ ಜೊತೆ ಅದೂ ಸೇರಿದ್ದರೆ ಬಾತಿನ ರುಚಿಯೇ ಮುಚ್ಚಿಹೋಗುತ್ತಿತ್ತು. ಉಳಿದ ರಸವನ್ನು ಅರ್ಧಕ್ಕೆ ಇಂಗಿಸಿದೆ. ಬಟ್ಟಲಿನಲ್ಲಿ ಉಪ್ಪು, ಸಿಹಿ, ಬಣ್ಣ ಎಲ್ಲ ಇದರಿಂದಲೇ ಬರಬೇಕು.

ಭಾನುವಾರ

ಬೆಳಿಗ್ಗೆ ಸಾರಿನ ಪಾತ್ರೆ ತೆರೆದರೆ ಮೇಲೆ ಬೆಣ್ಣೆ ಬಣ್ಣದ ಮುಚ್ಚಳ. ಚಾಕುವಿನ ತುದಿಯಿಂದ ಎಬ್ಬಿಸಿದೆ, ಇಡಿಯಾಗಿ ತಟ್ಟೆಯಂತೆ ಎದ್ದು ಬಂತು. ಕೆಳಗೆ ಸಾರು ಅಲುಗುವ ಜೆಲ್ಲಿ, ಕಂದು ಗಾಜಿನಂತೆ. ಪಾತ್ರೆ ಓರೆ ಮಾಡಿದರೂ ಹರಿಯಲಿಲ್ಲ.

ಮಧ್ಯಾಹ್ನ ಎದೆ. ದಪ್ಪ ತಳದ ಬಾಣಲೆ, ತಣ್ಣಗಿನದು, ಎಣ್ಣೆ ಇಲ್ಲದ್ದು. ಚರ್ಮ ಕೆಳಗೆ ಮಾಡಿ ಇಟ್ಟು, ಆಮೇಲೆ ಒಲೆ ಹಚ್ಚಿದೆ. ಕಾದ ಬಾಣಲೆಗೆ ಹಾಕಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನ ಕೊಬ್ಬು ಕರಗುವ ಮೊದಲೇ ಚರ್ಮ ಕಂದಾಗಿಬಿಡುತ್ತದೆ. ತಣ್ಣಗೆ ಶುರುವಾದರೆ ಕೊಬ್ಬಿಗೆ ಸಮಯ ಸಿಗುತ್ತದೆ. ನಾಲ್ಕು ನಿಮಿಷ ಏನೂ ಆಗಲಿಲ್ಲ. ಐದನೇ ನಿಮಿಷಕ್ಕೆ ಅಂಚಿನಲ್ಲಿ ಒಂದು ಸಣ್ಣ ಹೊಳಪು. ಎಂಟನೇ ನಿಮಿಷಕ್ಕೆ ಎದೆ ತನ್ನದೇ ಕೊಬ್ಬಿನಲ್ಲಿ ಈಜುತ್ತಿತ್ತು. ಒಂದು ಲೋಟಕ್ಕೆ ಬಸಿದೆ. ಹೀಗೆ ಮೂರು ಸಲ. ಚರ್ಮದ ಗೀರುಗಳು ಅಗಲವಾಗಿ, ಚೌಕಗಳು ಕುಗ್ಗಿ, ಹದಿನೈದನೇ ನಿಮಿಷಕ್ಕೆ ಚಮಚದಿಂದ ತಟ್ಟಿದರೆ ಟಕ್ ಟಕ್ ಅನ್ನುವ ಸದ್ದು.

ತಿರುವಿ ಹಾಕಿ ನಾಲ್ಕು ನಿಮಿಷ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹೋಟೆಲುಗಳಲ್ಲಿ ಬಾತಿನ ಎದೆಯನ್ನು ಒಳಗೆ ಗುಲಾಬಿ ಬಣ್ಣ ಇರುವಾಗಲೇ ಇಳಿಸುತ್ತಾರೆ. ಅಮೆರಿಕದ ಆಹಾರ ಸುರಕ್ಷತಾ ಇಲಾಖೆ ಎಲ್ಲ ಹಕ್ಕಿಗಳ ಮಾಂಸಕ್ಕೂ ನಡುವಿನ ಬಿಸಿ 74 ಡಿಗ್ರಿ ಬೇಕು ಅನ್ನುತ್ತದೆ. ಮನೆಯಲ್ಲಿ ಅಮ್ಮನೂ ತಿನ್ನುವವರಿದ್ದರು. ಎರಡನ್ನೂ 74ಕ್ಕೆ ಒಯ್ದೆ. ಗುಲಾಬಿ ಬಣ್ಣ ಹೋಯಿತು, ಆದರೆ ಮೊದಲ ಸಲದಂತೆ ಪುಡಿಯಾಗಲಿಲ್ಲ. ಎರಡು ದಿನ ಉಪ್ಪಿನಲ್ಲಿ ಕೂತಿದ್ದಕ್ಕೆ ರಸ ಹಿಡಿದಿತ್ತು. ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ತೆಳ್ಳಗೆ ಹೋಳು ಮಾಡಿದೆ. ಚಾಕು ತಾಗಿಸಿದ್ದೆನಲ್ಲ, ಆ ಎರಡು ಕಡೆ ಮಾತ್ರ ಚರ್ಮ ಸ್ವಲ್ಪ ಮೆತ್ತಗಿತ್ತು.

ಈಗ ಕೊಬ್ಬನ್ನು ವಾಪಸ್ ಕರೆಯುವ ಹೊತ್ತು. ನಾಲ್ಕು ಚಮಚ ಕಾಯಿಸಿ, ಸಣ್ಣಗೆ ಹೆಚ್ಚಿದ ಶುಂಠಿ ಮತ್ತು ಈರುಳ್ಳಿ ಸೊಪ್ಪಿನ ಮೇಲೆ ಸುರಿದೆ. ಚುಂಯ್ ಅಂತ ಎದ್ದ ಪರಿಮಳಕ್ಕೆ ತಂಗಿ ಕೋಣೆಯಿಂದ ಎದ್ದು ಬಂದಳು.

ಬಟ್ಟಲುಗಳಿಗೆ ಬಿಸಿನೀರು ತುಂಬಿ ಬೆಚ್ಚಗೆ ಮಾಡಿಕೊಂಡೆ. ಒಂದು ಬಟ್ಟಲಿಗೆ ಕಾಲಿನ ರಸ ಎರಡು ದೊಡ್ಡ ಚಮಚ, ಶುಂಠಿ ಕೊಬ್ಬು ಒಂದು ಸಣ್ಣ ಚಮಚ, ಮೇಲೆ ಕುದಿಯುವ ಸಾರು 350 ಮಿಲಿ. ನೂಡಲ್ಸನ್ನು ದೊಡ್ಡ ಪಾತ್ರೆಯ ನೀರಿನಲ್ಲಿ 90 ಸೆಕೆಂಡ್, ಚೆನ್ನಾಗಿ ಬಸಿದು ಒಳಗೆ. ಮೇಲೆ ಕಾಲಿನ ಮಾಂಸ ಬಿಡಿಸಿ, ಎದೆಯ ಹೋಳು ಅಂಚಿಗೆ ಒರಗಿಸಿ. ಚರ್ಮ ಸಾರಿನಲ್ಲಿ ಮುಳುಗಬಾರದು, ಮುಳುಗಿದರೆ ಒಂದೇ ನಿಮಿಷದಲ್ಲಿ ಇಷ್ಟೂ ಕಷ್ಟ ನೀರುಪಾಲು. ಬೇಯಿಸಿದ ಹಸಿರು ಸೊಪ್ಪು ಒಂದು ಹಿಡಿ.

ಮೇಲೆ ತೇಲುವ ಆ ಒಂದು ಚಮಚ ಕೊಬ್ಬು ಪರಿಮಳಕ್ಕೆ ಮಾತ್ರ ಅಲ್ಲ, ಸಾರಿಗೆ ಮುಚ್ಚಳವೂ ಹೌದು. ಚೀನಾದ ಯುನ್ನಾನ್ ಪ್ರಾಂತ್ಯದ 'ಸೇತುವೆ ದಾಟುವ ನೂಡಲ್ಸ್'ನಲ್ಲಿ ಎಣ್ಣೆಯ ಪದರವೇ ಸಾರನ್ನು ಬಿಸಿಯಾಗಿಡುತ್ತದೆ. ಆವಿ ಏಳಲು ದಾರಿ ಇಲ್ಲದ್ದರಿಂದ ನೋಡಿದರೆ ಬಿಸಿ ಅನ್ನಿಸುವುದೇ ಇಲ್ಲ. ನಾನು ಇದನ್ನು ಓದಿದ್ದೆ, ಹೇಳಿಯೂ ಇದ್ದೆ. ಆದರೂ ಮೊದಲ ಗುಟುಕಿಗೆ ನಾಲಿಗೆ ಸುಟ್ಟುಕೊಂಡವನು ನಾನೇ.

ಅಮ್ಮ ಎರಡನೇ ಸಲ ಸಾರು ಹಾಕಿಸಿಕೊಂಡರು. ತಂಗಿ ಬಟ್ಟಲು ಖಾಲಿ ಮಾಡಿ, "ಶನಿವಾರ ಚರ್ಮದ ಚೂರು ಕರಿದಿದ್ಯಲ್ಲ, ಅದನ್ನ ಇದರ ಮೇಲೆ ಉದುರಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಎಲ್ಲಿಟ್ಟಿದ್ದೀಯ?" ಅಂದಳು.

ಎಲ್ಲಿಡುವುದು? ಸಾರಿನ ನೊರೆ ತೆಗೆಯುತ್ತ ಮೂರೂವರೆ ಗಂಟೆ ಒಲೆಯ ಮುಂದೆ ನಿಂತಿದ್ದೆನಲ್ಲ, ಬಟ್ಟಲು ಕೈಯಳತೆಯಲ್ಲೇ ಇತ್ತು.